ಅಟ್ಲಾಂಟಿಕ್ ಕೆನಡಾದಲ್ಲಿ ಕಾಯಂ ವಾಸ: ಊರಲ್ಲೇ ಕಟ್ಟಿಕೊಳ್ಳಬೇಕಾದ ಕಡತ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಕೆನಡಾದ ವಿಚಾರ ಕೇಳಿಕೊಂಡು ನನ್ನ ಬಳಿ ಬರುವವರು ಸಾಮಾನ್ಯವಾಗಿ ಓದಿನ ವೀಸಾದ ಬಗ್ಗೆಯೇ ಮಾತನಾಡುತ್ತಾರೆ. ಕೈಯಲ್ಲಿ ಕೆಲಸವೊಂದನ್ನು ಕಲಿತು ಕೆಲವು ವರ್ಷ ದುಡಿದವರಿಗೆ ಸಾಲ ಮಾಡಿ ಓದಲು ಹೋಗುವುದಕ್ಕಿಂತ ಹೆಚ್ಚು ಹೊಂದುವ ದಾರಿ ಇನ್ನೊಂದಿದೆ. ಅದು ಅಟ್ಲಾಂಟಿಕ್ ವಲಸೆ ಕಾರ್ಯಕ್ರಮ. ಕೆನಡಾದ ಪೂರ್ವ ಕರಾವಳಿಯ ನಾಲ್ಕು ಪ್ರಾಂತ್ಯಗಳಾದ ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್‌ಗಳಿಗಷ್ಟೇ ಇದು ಅನ್ವಯಿಸುತ್ತದೆ. 2017ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2022ರ ಜನವರಿಯಿಂದ ಕಾಯಂ ಆದ ಈ ಕಾರ್ಯಕ್ರಮದಲ್ಲಿ ಅರ್ಜಿದಾರನ ಜೊತೆಗೆ ಆತನಿಗೆ ಕೆಲಸ ಕೊಡುವ ಸಂಸ್ಥೆ ಮತ್ತು ಆ ಪ್ರಾಂತ್ಯದ ಸರ್ಕಾರ ಎರಡೂ ನಿಲ್ಲಬೇಕಾಗುತ್ತದೆ.

ಕ್ರಮ ಹೀಗಿದೆ. ಪ್ರಾಂತ್ಯದಿಂದ ಮೊದಲೇ ಮಾನ್ಯತೆ ಪಡೆದ ಸಂಸ್ಥೆಯೊಂದು ನಿಮಗೆ ಕೆಲಸ ಕೊಡುವುದಾಗಿ ಲಿಖಿತವಾಗಿ ಒಪ್ಪಬೇಕು. ಆ ಬಳಿಕ ನೀವು, ನಿಮ್ಮ ಜೊತೆ ಬರುವ ವಯಸ್ಕ ಕುಟುಂಬದವರೂ ಸೇರಿ, ಅಲ್ಲಿ ನೆಲೆಸಲು ಬೇಕಾದ ಮನೆ, ಶಾಲೆ, ಭಾಷೆ ಮುಂತಾದ ವಿಷಯಗಳ ಸೆಟ್ಲ್‌ಮೆಂಟ್ ಪ್ಲಾನ್ ಅನ್ನು ಕೆನಡಾ ಸರ್ಕಾರ ಗುರುತಿಸಿದ ಸೇವಾ ಸಂಸ್ಥೆಯಿಂದ ಉಚಿತವಾಗಿ ಪಡೆಯಬೇಕು. ಇವೆರಡನ್ನೂ ಇಟ್ಟುಕೊಂಡು ಸಂಸ್ಥೆಯು ಪ್ರಾಂತ್ಯಕ್ಕೆ ಅರ್ಜಿ ಹಾಕುತ್ತದೆ. ಪ್ರಾಂತ್ಯ ಒಪ್ಪಿದರೆ ಅನುಮೋದನಾ ಪ್ರಮಾಣಪತ್ರ ಬರುತ್ತದೆ. ಕೊನೆಗೆ ಅದನ್ನು ಲಗತ್ತಿಸಿ ಕೆನಡಾದ ಕೇಂದ್ರ ವಲಸೆ ಇಲಾಖೆಗೆ ಕಾಯಂ ವಾಸದ, ಅಂದರೆ ನಾವು ಪಿಆರ್ ಎನ್ನುವ ಅನುಮತಿಯ ಅರ್ಜಿಯನ್ನು ಆನ್‌ಲೈನ್‌ನಲ್ಲಿ ನೀವೇ ಸಲ್ಲಿಸಬೇಕು. ಉಳಿದ ಹಲವು ವೀಸಾಗಳಲ್ಲಿ ಸಂಸ್ಥೆಯು ಎಲ್‌ಎಂಐಎ ಎಂಬ ಕಾರ್ಮಿಕ ಮಾರುಕಟ್ಟೆ ಪರಿಶೀಲನೆ ಮಾಡಿಸಬೇಕಾಗುತ್ತದೆ. ಇಲ್ಲಿ ಅದರ ಅಗತ್ಯವಿಲ್ಲ.

ಕೆಲಸ ಹುಡುಕುವ ಮೊದಲು ನಿಮ್ಮ ಅನುಭವ ಈ ಕಾರ್ಯಕ್ರಮದಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ಕೆನಡಾ ಪ್ರತಿ ಉದ್ಯೋಗಕ್ಕೂ ಐದು ಅಂಕಿಯ ಸಂಕೇತವೊಂದನ್ನು ಕೊಟ್ಟಿದೆ, ಅದರ ಎರಡನೆಯ ಅಂಕಿಯೇ ಟೀರ್ ಎಂಬ ದರ್ಜೆ. 0ರಿಂದ 4ರವರೆಗಿನ ದರ್ಜೆಗಳು ಸಲ್ಲುತ್ತವೆ, 5 ಸಲ್ಲುವುದಿಲ್ಲ. ಕಾರ್ಖಾನೆಯಲ್ಲಿ ಯಂತ್ರ ಬಿಚ್ಚಿ ಕೂಡಿಸುವ ಮೆಕ್ಯಾನಿಕ್‌ನ ಸಂಕೇತ 72400, ಆದ್ದರಿಂದ ಎರಡನೆಯ ದರ್ಜೆ. ದೂರದ ಲಾರಿ ಚಾಲಕನದು 73300, ಮೂರನೆಯದು. ಜೀನ್ಸ್ ಘಟಕದಲ್ಲಿ ಹೊಲಿಗೆ ಯಂತ್ರ ನಡೆಸುವವರದು 94132, ನಾಲ್ಕನೆಯದು. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳನ್ನೇ ತೆಗೆದುಕೊಂಡರೆ, ಯಂತ್ರದ ಮುಂದೆ ನಿಂತು ಅದನ್ನು ನಡೆಸುವ ಆಪರೇಟರ್ ನಾಲ್ಕನೆಯ ದರ್ಜೆಗೆ ಬರುತ್ತಾನೆ, ಅದೇ ಗಿರಣಿಯಲ್ಲಿ ಮೂಟೆ ಹೊರುವ ಹಮಾಲಿ ಐದನೆಯ ದರ್ಜೆಗೆ ಸೇರುವುದರಿಂದ ಹೊರಗುಳಿಯುತ್ತಾನೆ. ಹೊಲದ ಕೂಲಿ ಕೆಲಸವೂ ಐದನೆಯ ದರ್ಜೆಯೇ. ಇದು ನನಗೆ ಸರಿಯೆನಿಸುವುದಿಲ್ಲ, ಆದರೆ ನಿಯಮ ಹೀಗಿದೆ. ಇಲ್ಲದ ಹುದ್ದೆಯನ್ನು ಕಾಗದದಲ್ಲಿ ಬರೆಸಿ ಅದನ್ನು ದಾಟಲು ಹೋಗಬಾರದು. ಸುಳ್ಳು ಮಾಹಿತಿ ಕೊಟ್ಟದ್ದು ತಿಳಿದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ.

ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 1560 ಗಂಟೆಗಳ ಸಂಬಳದ ಕೆಲಸ ತೋರಿಸಬೇಕು, ಅಂದರೆ ವಾರಕ್ಕೆ 30 ಗಂಟೆಯಂತೆ ಒಂದು ವರ್ಷ. ದಿನಕ್ಕೆ ಎರಡು ಪಾಳಿ ಮಾಡಿ ಆರು ತಿಂಗಳಲ್ಲಿ ಈ ಗಂಟೆಗಳನ್ನು ತುಂಬಿಸಿದರೆ ನಡೆಯುವುದಿಲ್ಲ, ಅವು ಕನಿಷ್ಠ ಹನ್ನೆರಡು ತಿಂಗಳಲ್ಲಿ ಹರಡಿರಬೇಕು. ಸ್ವಂತ ಉದ್ಯೋಗ ಲೆಕ್ಕಕ್ಕಿಲ್ಲವಾದ್ದರಿಂದ, ಮನೆಯಲ್ಲೇ ಯಂತ್ರ ಇಟ್ಟುಕೊಂಡು ಪೀಸಿಗಿಷ್ಟು ಎಂದು ಜೀನ್ಸ್ ಹೊಲಿದುಕೊಡುವ ಬಳ್ಳಾರಿಯ ಅಕ್ಕಂದಿರು ಎಷ್ಟೇ ವರ್ಷ ದುಡಿದಿದ್ದರೂ ಘಟಕವೊಂದರಲ್ಲಿ ಸಂಬಳಕ್ಕೆ ಸೇರಿ ಒಂದು ವರ್ಷ ಪೂರೈಸುವುದು ಒಳ್ಳೆಯದು.

ನಮ್ಮ ಭಾಗದವರ ಅರ್ಜಿಗಳು ಹೆಚ್ಚಾಗಿ ಎಡವುವುದು ಈ ಗಂಟೆಗಳನ್ನು ರುಜುವಾತು ಮಾಡುವ ಹಂತದಲ್ಲಿ. ನನ್ನ ತಮ್ಮ ಬಳ್ಳಾರಿ ಸಮೀಪದ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ಫಿಟ್ಟರ್ ಆಗಿದ್ದನು. ಆತನ ಗೇಟ್ ಪಾಸಿನ ಮೇಲೆ ಕಾರ್ಖಾನೆಯ ಹೆಸರು, ಭವಿಷ್ಯ ನಿಧಿಯ ಪಾಸ್‌ಬುಕ್‌ನಲ್ಲಿ ಗುತ್ತಿಗೆದಾರರ ಹೆಸರು, ಅದೂ ಎರಡು ವರ್ಷಕ್ಕೊಮ್ಮೆ ಬದಲಾದ ಮೂವರ ಹೆಸರು. ಕೊನೆಯ ಗುತ್ತಿಗೆದಾರರು ಕೊಟ್ಟ ಅನುಭವ ಪತ್ರದಲ್ಲಿ ಇದ್ದದ್ದು ಎರಡೇ ಸಾಲು: ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ಇವರ ನಡತೆ ಒಳ್ಳೆಯದು. ಅಷ್ಟರಿಂದ ಏನೂ ಆಗುವುದಿಲ್ಲ. ಪತ್ರವು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿದ್ದು, ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ ಮತ್ತು ಇತರ ಸೌಲಭ್ಯ, ಮಾಡಿದ ಕೆಲಸಗಳ ವಿವರ, ಸಹಿ ಮಾಡಿದವರ ಹೆಸರು, ಹುದ್ದೆ ಮತ್ತು ಸಂಪರ್ಕ ವಿವರ ಇವೆಲ್ಲವನ್ನೂ ಹೊಂದಿರಬೇಕು. ಬೇರಿಂಗ್ ಬದಲಿಸಿದ್ದು, ಪಂಪ್ ಜೋಡಿಸಿ ಮಟ್ಟ ಹಿಡಿದದ್ದು, ಕನ್ವೇಯರ್ ಬೆಲ್ಟ್ ದುರಸ್ತಿ ಮಾಡಿದ್ದು ಎಂದು ಕೈ ಕೆಲಸವನ್ನೇ ಹೆಸರಿಸಿ ಬರೆದರೆ ಓದುವ ಅಧಿಕಾರಿಗೆ ಅದು ಯಾವ ಸಂಕೇತದ ಉದ್ಯೋಗ ಎಂದು ತಿಳಿಯುತ್ತದೆ. ನಾವು ಮೂವರು ಗುತ್ತಿಗೆದಾರರ ಬಳಿಗೂ ಹೋಗಿ ಬೇರೆ ಬೇರೆ ಪತ್ರ ಬರೆಸಿಕೊಂಡೆವು. ಭವಿಷ್ಯ ನಿಧಿಯ ಪಾಸ್‌ಬುಕ್, ಸಂಬಳ ಜಮೆಯಾದ ಬ್ಯಾಂಕ್ ಖಾತೆಯ ವಿವರ, ಇಎಸ್‌ಐ ಕಾರ್ಡ್‌ಗಳ ದಿನಾಂಕಗಳನ್ನು ಆ ಪತ್ರಗಳಿಗೆ ತಾಳೆ ನೋಡಿ ಜೋಡಿಸಿದೆವು. ಕೆಲಸ ಬಿಟ್ಟ ಮೇಲೆ ಹೋಗಿ ಕೇಳಿದರೆ ಬಹಳ ದಿನ ಅಲೆಸುತ್ತಾರೆ. ಕೆಲಸದಲ್ಲಿರುವಾಗಲೇ ಪತ್ರ ಕೇಳಿ ಇಟ್ಟುಕೊಳ್ಳಿ. ಸಂಬಳ ಕೈಗೆ ಬರುತ್ತಿದ್ದರೆ ಇಂದಿನಿಂದಲೇ ಬ್ಯಾಂಕಿಗೆ ಹಾಕುವಂತೆ ಮಾಲೀಕರನ್ನು ಕೇಳಿಕೊಳ್ಳಿ. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕಾಗಿ ಶಾಲೆ, ತಹಶೀಲ್ದಾರ್ ಕಚೇರಿ, ಸಹಾಯಕ ಆಯುಕ್ತರ ಕಚೇರಿ ಎಂದು ಓಡಾಡಿದವರಿಗೆ ಈ ಬಗೆಯ ತಾಳ್ಮೆ ಹೊಸದೇನಲ್ಲ.

ಹೆಸರಿನ ವಿಷಯವನ್ನೂ ಆರಂಭದಲ್ಲೇ ಸರಿಮಾಡಿಕೊಳ್ಳಬೇಕು. ಬಳ್ಳಾರಿಯ ಕಡೆ ಮನೆತನದ ಇನಿಷಿಯಲ್ ಹೆಸರಿನ ಮುಂದೆ ಬರುತ್ತದೆ, ಕೊಪ್ಪಳದ ಕಡೆ ಮನೆತನದ ಹೆಸರು ಕೊನೆಗೆ ಬರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಉಳಿದವನ್ನು ತಿದ್ದಿಸಿಕೊಳ್ಳಿ. ತಿದ್ದಲಾಗದ ಹಳೆಯ ದಾಖಲೆಗಳಿಗೆ ನೋಟರಿಯಿಂದ ಅಫಿಡವಿಟ್ ಮಾಡಿಸಿ. ಮದುವೆ ನೋಂದಣಿಯಾಗಿಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬೇಕು. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ, ಅದನ್ನೂ ತುಂಬಿಸಿ. ಕನ್ನಡದಲ್ಲಷ್ಟೇ ಇರುವ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು, ಅದನ್ನು ಕುಟುಂಬದವರು ಮಾಡುವಂತಿಲ್ಲ.

ಓದಿನ ಅರ್ಹತೆ ಅಲ್ಲಿ ನಿಮಗೆ ಸಿಗುವ ಕೆಲಸದ ದರ್ಜೆಗೆ ತಕ್ಕಂತೆ ಬದಲಾಗುತ್ತದೆ. 0 ಅಥವಾ 1ನೇ ದರ್ಜೆಯ ಕೆಲಸಕ್ಕೆ ಪ್ರೌಢಶಿಕ್ಷಣದ ನಂತರದ ಕನಿಷ್ಠ ಒಂದು ವರ್ಷದ ಓದು ಬೇಕು, 2ರಿಂದ 4ನೇ ದರ್ಜೆಗೆ ಕೆನಡಾದ ಪ್ರೌಢಶಾಲೆಗೆ ಸಮನಾದ ಓದು ಸಾಕು. ನಮ್ಮ ದ್ವಿತೀಯ ಪಿಯುಸಿ ಅದಕ್ಕೆ ಹೊಂದುತ್ತದೆ, ಬರಿಯ ಎಸ್ಸೆಸ್ಸೆಲ್ಸಿ ಸಾಲುವುದಿಲ್ಲ. ನಿಮ್ಮ ಓದು ಕೆನಡಾದ ಯಾವ ಓದಿಗೆ ಸಮ ಎಂದು ಹೇಳುವ ಇಸಿಎ ಎಂಬ ಮೌಲ್ಯಮಾಪನ ವರದಿಯನ್ನು ಡಬ್ಲ್ಯೂಇಎಸ್‌ನಂತಹ ಸಂಸ್ಥೆಯಿಂದ ಪಡೆಯಬೇಕು. ಬಳ್ಳಾರಿಯಲ್ಲಿ 2010ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ಪದವಿ ಮುಗಿಸಿದವರು ಅಂಕಪಟ್ಟಿಯ ದೃಢೀಕರಣಕ್ಕೆ ಕಲಬುರಗಿಗೆ, ಎಂಜಿನಿಯರಿಂಗ್ ಓದಿದವರು ಬೆಳಗಾವಿಯ ವಿಟಿಯುಗೆ ಬರೆಯಬೇಕಾಗುವುದರಿಂದ ಈ ಕೆಲಸಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಿ.

ಇಂಗ್ಲಿಷ್ ಬಗ್ಗೆ ಕನ್ನಡ ಮಾಧ್ಯಮದವರು ಹೆದರಬೇಕಿಲ್ಲ. 0ರಿಂದ 3ನೇ ದರ್ಜೆಗೆ ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯಲ್ಲಿ ಆಲಿಸುವುದು, ಬರೆಯುವುದು, ಮಾತನಾಡುವುದು ಮೂರರಲ್ಲೂ 5, ಓದುವುದರಲ್ಲಿ 4 ಬಂದರೆ ಸಾಕು. 4ನೇ ದರ್ಜೆಗೆ ಇನ್ನೂ ಕಡಿಮೆ. ಅಂಕಗಳು ಎರಡು ವರ್ಷ ಚಾಲ್ತಿಯಲ್ಲಿರುತ್ತವೆ, ಆದ್ದರಿಂದ ತೀರಾ ಮುಂಚೆ ಬರೆಯಬೇಡಿ.

ಕೆಲಸ ಹುಡುಕಲು ನಾಲ್ಕೂ ಪ್ರಾಂತ್ಯಗಳ ಜಾಲತಾಣಗಳಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇದೆ. ಪಟ್ಟಿಯಲ್ಲಿರುವುದೆಂದರೆ ಈಗ ಕೆಲಸ ಖಾಲಿ ಇದೆ ಎಂದಲ್ಲ. ಒಂದೊಂದೇ ಸಂಸ್ಥೆಯ ಪುಟಕ್ಕೆ ಹೋಗಿ ನೋಡಬೇಕು. ಕೆಲಸ ಪೂರ್ಣಾವಧಿಯದ್ದಾಗಿರಬೇಕು, ಹಂಗಾಮಿನದ್ದಾಗಿರಬಾರದು. 3ನೇ ದರ್ಜೆಯವರೆಗೆ ಕನಿಷ್ಠ ಒಂದು ವರ್ಷದ ಅವಧಿ, 4ನೇ ದರ್ಜೆಗೆ ಕಾಯಂ ಹುದ್ದೆ ಬೇಕು. ಪ್ರಾಂತ್ಯಗಳಿಗೆ ಪ್ರತಿ ವರ್ಷ ಇಂತಿಷ್ಟೇ ಅರ್ಜಿ ಎಂಬ ಮಿತಿ ಇರುವುದರಿಂದ ಅವು ಆರೋಗ್ಯ, ಕಟ್ಟಡ ನಿರ್ಮಾಣದಂತಹ ಕ್ಷೇತ್ರಗಳಿಗೆ ಆದ್ಯತೆ ಕೊಡುತ್ತವೆ. ಸಂಸ್ಥೆಗೆ ತುರ್ತಾಗಿ ಜನ ಬೇಕಿದ್ದರೆ ಪ್ರಾಂತ್ಯದ ಶಿಫಾರಸು ಪತ್ರದ ಮೇಲೆ, ಆ ಸಂಸ್ಥೆಗಷ್ಟೇ ಸೀಮಿತವಾದ ತಾತ್ಕಾಲಿಕ ಕೆಲಸದ ಪರವಾನಗಿ ಪಡೆದು ಪಿಆರ್ ಬರುವ ಮೊದಲೇ ಹೋಗಬಹುದು.

ಈ ಕೆಲಸದ ಪತ್ರಕ್ಕೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಹೊಲ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟವರ ಮನೆಗಳಲ್ಲಿ ನಾನು ಕೂತು ಬಂದಿದ್ದೇನೆ, ಅವರ ಕೈಯಲ್ಲಿದ್ದ ಪತ್ರದ ಸಂಸ್ಥೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಸಲಹೆಗಾರರು ಬೇಕೆನಿಸಿದರೆ ಅವರು ಕೆನಡಾದ ವಕೀಲರೋ, ಅಲ್ಲಿಯ ವಲಸೆ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯ ಸದಸ್ಯರೋ ಎಂದು ನೋಡಿ; ವಕೀಲರ ಹೆಸರು ಅವರ ಪ್ರಾಂತ್ಯದ ಲಾ ಸೊಸೈಟಿಯ ಪಟ್ಟಿಯಲ್ಲಿ, ಸಲಹೆಗಾರರ ಹೆಸರು ಆ ಕಾಲೇಜಿನ ಸಾರ್ವಜನಿಕ ಪಟ್ಟಿಯಲ್ಲಿ ಇರುತ್ತದೆ. ಸರ್ಕಾರಕ್ಕೆ ಕಟ್ಟುವ ಹಣ ಮಾತ್ರ ನಿಮ್ಮದೇ: 2024ರ ಏಪ್ರಿಲ್ 30ರಂದು ಜಾರಿಯಾದ ದರದಂತೆ ಮುಖ್ಯ ಅರ್ಜಿದಾರರಿಗೆ 950 ಕೆನಡಾ ಡಾಲರ್, ಕಾಯಂ ವಾಸದ ಹಕ್ಕಿಗೆ 575 ಡಾಲರ್ ಇತ್ತು; ಬೆರಳಚ್ಚಿಗೆ ಬೇರೆ 85 ಡಾಲರ್. ಅರ್ಜಿಯ ಮತ್ತು ವಾಸದ ಹಕ್ಕಿನ ದರ ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ, ಕಟ್ಟುವ ದಿನ ಮತ್ತೆ ನೋಡಿಕೊಳ್ಳಿ. ಇದಲ್ಲದೆ ಕುಟುಂಬದ ಸಂಖ್ಯೆಗೆ ತಕ್ಕ ಹಣ ಖಾತೆಯಲ್ಲಿರಬೇಕು; ನಿಮ್ಮ ಜೊತೆ ಬರದ ಪತ್ನಿ, ಮಕ್ಕಳನ್ನೂ ಆ ಸಂಖ್ಯೆಗೆ ಸೇರಿಸುತ್ತಾರೆ.

ಅರ್ಜಿ ಹೋದ ಮೇಲೆ ಬೆರಳಚ್ಚು ಮತ್ತು ವೈದ್ಯಕೀಯ ತಪಾಸಣೆಗೆ ಬೆಂಗಳೂರಿಗೆ ಹೋಗಿಬರಬಹುದು. ಪೊಲೀಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ಅರ್ಜಿ ಇದೆ. ಪಿಆರ್ ಬಂದ ಮೇಲೆ ಪ್ರತಿ ಐದು ವರ್ಷಗಳಲ್ಲಿ 730 ದಿನ ಕೆನಡಾದಲ್ಲಿ ಇದ್ದರೆ ಅದು ಉಳಿಯುತ್ತದೆ, ಆದ್ದರಿಂದ ಊರಿಗೆ ಬಂದುಹೋದ ಪ್ರತಿ ದಿನಾಂಕವನ್ನೂ ಮೊದಲ ಪ್ರಯಾಣದಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಿ.