ವೇಗದ ರಸ್ತೆಯಲ್ಲಿ ನಡೆಯಬೇಕಾಗಿ ಬಂದರೆ, ಸೈಕಲ್ ತುಳಿಯಬೇಕಾಗಿ ಬಂದರೆ

ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟರಲ್ಲಿ ನಡೆಯುವವರು ಇಟ್ಟಿರುವುದು ಎರಡು ಹೆಜ್ಜೆ. ಸೈಕಲ್ ತುಳಿಯುವವರು ಸಾಗಿರುವುದು ನಾಲ್ಕೈದು ಮೀಟರ್. ಇವರೆಲ್ಲರಿಗೂ ಇರುವುದು ಒಂದೇ ರಸ್ತೆ. ನಡುವೆ ಬರೀ ಒಂದು ಬಿಳಿ ಗೆರೆ, ಎಷ್ಟೋ ಕಡೆ ಅದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ ಶೇ 23ರಷ್ಟು ಮಂದಿ ನಡೆದು ಹೋಗುತ್ತಿದ್ದವರು, ಶೇ 6ರಷ್ಟು ಮಂದಿ ಸೈಕಲ್ ಸವಾರರು. ಲಾರಿ, ಬಸ್ಸುಗಳು ಭರ್ರನೆ ಓಡುವ ರಸ್ತೆಯ ಅಂಚಿನಲ್ಲಿ ಯಾರೂ ಖುಷಿಗೆ ನಡೆಯುವುದಿಲ್ಲ. ಶಾಲೆಯೋ ಕೆಲಸದ ಜಾಗವೋ ಬಸ್ ನಿಲ್ದಾಣವೋ ಆಚೆ ಬದಿಗೆ ಇರುತ್ತದೆ, ಬೇರೆ ದಾರಿ ಇರುವುದಿಲ್ಲ. ಈ ಲೇಖನ ಅಂಥವರಿಗಾಗಿ. ಇಲ್ಲಿನ ಪ್ರತಿಯೊಂದು ಕ್ರಮದ ಹಿಂದೆಯೂ ಒಂದೇ ಪ್ರಶ್ನೆ ಇದೆ: ಚಾಲಕನಿಗೆ ನಿಮ್ಮನ್ನು ಕಾಣಲು, ನಿಮಗೆ ಪಕ್ಕಕ್ಕೆ ಸರಿಯಲು ಎಷ್ಟು ಸೆಕೆಂಡು ಸಿಗುತ್ತದೆ?

1. ಮೊದಲು ವೇಗದ ಲೆಕ್ಕ ತಿಳಿದುಕೊಳ್ಳಿ

ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟಾಗುತ್ತದೆ. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವೂ ಹೀಗೆಯೇ ಬೆಳೆಯುತ್ತದೆ. ಚಾಲಕ ಅಪಾಯ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಬೇಕು ಅಂದುಕೊಳ್ಳಿ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ. 50 ಕಿಲೋಮೀಟರ್ ವೇಗದ ಕಾರು ಪೂರ್ತಿ ನಿಲ್ಲಲು ಸುಮಾರು 35 ಮೀಟರ್ ತೆಗೆದುಕೊಳ್ಳುತ್ತದೆ. 100ರ ವೇಗದ ಕಾರಿಗೆ ಹತ್ತಿರಹತ್ತಿರ 100 ಮೀಟರ್ ಬೇಕು. ಮಳೆ ಬಂದಿದ್ದರೆ ಇನ್ನೂ ಜಾಸ್ತಿ. ಸರಕು ತುಂಬಿದ ಲಾರಿಗೆ ಅದಕ್ಕಿಂತಲೂ ಜಾಸ್ತಿ.

ಇನ್ನೊಂದು ಲೆಕ್ಕ ನನ್ನನ್ನು ಬಹಳ ಕಾಡುತ್ತದೆ. ಅಕ್ಕಪಕ್ಕ ಎರಡು ಕಾರು ಬರುತ್ತಿವೆ. ಒಂದರ ವೇಗ 50, ಇನ್ನೊಂದರದು 65. ಇಬ್ಬರು ಚಾಲಕರೂ ಒಂದೇ ಕ್ಷಣದಲ್ಲಿ ನಿಮ್ಮನ್ನು ಕಾಣುತ್ತಾರೆ. ಮೊದಲ ಕಾರು ನಿಮ್ಮ ಮುಂದೆ ಪೂರ್ತಿ ನಿಂತಿರುತ್ತದೆ. ಎರಡನೆಯದು ಅದೇ ಜಾಗಕ್ಕೆ ಬರುವಾಗ ಅದರ ವೇಗ ಇನ್ನೂ 50ಕ್ಕಿಂತ ಮೇಲಿರುತ್ತದೆ. ‘ಹದಿನೈದು ಕಿಲೋಮೀಟರ್ ಹೆಚ್ಚಾದರೆ ಏನಾಯಿತು’ ಅನ್ನುವವರಿಗೆ ಇದನ್ನು ಹೇಳಿ. ಕಾರಿನ ಮುಂಭಾಗ ಬಡಿಯುವ ವೇಗ 50ರಿಂದ 65ಕ್ಕೆ ಏರಿದರೆ ನಡೆಯುವವರು ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಂದರೆ ‘ಅವರು ನಿಲ್ಲಿಸುತ್ತಾರೆ ಬಿಡಿ’ ಎಂಬ ನಂಬಿಕೆ ಊರೊಳಗಿನ ನಿಧಾನದ ಬೀದಿಗೆ ಸರಿ. ವೇಗದ ರಸ್ತೆಗೆ ಅದನ್ನು ತರಬೇಡಿ. ಚಾಲಕ ಎಷ್ಟೇ ಒಳ್ಳೆಯವನಾಗಿದ್ದರೂ ಅವನ ಕೈಯಲ್ಲಿ ಅಷ್ಟು ಸಮಯ ಇರುವುದಿಲ್ಲ.

2. ದಾರಿಯನ್ನೂ ಹೊತ್ತನ್ನೂ ಆರಿಸಿಕೊಳ್ಳಿ

ಹತ್ತು ನಿಮಿಷ ಸುತ್ತಾದರೂ ಒಳರಸ್ತೆ ಇದ್ದರೆ ಅದನ್ನೇ ಹಿಡಿಯಿರಿ. ಸರ್ವಿಸ್ ರಸ್ತೆ, ಕೆಳಸೇತುವೆ, ಮೇಲ್ಸೇತುವೆ ಎಲ್ಲಿವೆ ಎಂದು ಬಿಡುವಿನ ದಿನ ಹಗಲಿನಲ್ಲಿ ಒಮ್ಮೆ ನೋಡಿ ಬನ್ನಿ. ನಡೆಯುವವರಿಗೂ ಸೈಕಲ್‌ಗೂ ನಿಷೇಧ ಇರುವ ರಸ್ತೆಗೆ ಇಳಿಯಲೇಬೇಡಿ. ಅಲ್ಲಿ ನೀವು ಇರಬಹುದು ಎಂಬ ಯೋಚನೆಯೇ ಚಾಲಕರಿಗೆ ಇರುವುದಿಲ್ಲ.

ಸೂರ್ಯ ಮುಳುಗುವ ಮತ್ತು ಹುಟ್ಟುವ ಹೊತ್ತು ಮೋಸದ ಹೊತ್ತು. ನಿಮಗೆ ರಸ್ತೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಆದರೆ ಕಡಿಮೆ ಎತ್ತರದ ಸೂರ್ಯನ ಬೆಳಕು ಕಣ್ಣಿಗೆ ಹೊಡೆಯುತ್ತಿರುವ ಚಾಲಕನಿಗೆ ನೀವು ಕಾಣುತ್ತಿರುವುದಿಲ್ಲ. ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಲು ಆಗುತ್ತದಾದರೆ ಮಾಡಿಕೊಳ್ಳಿ.

3. ನಡೆಯುವವರು ಎದುರು ಬದಿಯಲ್ಲಿ, ಸೈಕಲ್ ವಾಹನಗಳ ದಿಕ್ಕಿನಲ್ಲಿ

ಕಾಲುದಾರಿ ಇಲ್ಲದ ರಸ್ತೆಯಲ್ಲಿ ನಡೆಯುವಾಗ ನಿಮ್ಮ ಪಕ್ಕದ ಲೇನಿನ ವಾಹನಗಳು ನಿಮ್ಮ ಮುಖಕ್ಕೆ ಎದುರಾಗಿ ಬರುವಂತೆ ನಡೆಯಿರಿ. ವಾಹನಗಳು ಎಡಬದಿಯಲ್ಲಿ ಓಡುವ ದೇಶದಲ್ಲಿ ನೀವು ಬಲ ಅಂಚಿನಲ್ಲಿರಬೇಕು. ಬಲಬದಿಯಲ್ಲಿ ಓಡುವ ದೇಶದಲ್ಲಿ ಎಡ ಅಂಚಿನಲ್ಲಿ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದ ಊರ ಹೊರಗಿನ ರಸ್ತೆಗಳಿಗೆ ಹೇಳುವುದೂ ಇದನ್ನೇ. ಕಾರಣ ಸರಳ. ಬೆನ್ನ ಹಿಂದಿನಿಂದ ಬರುವ ವಾಹನ ಅಂಚಿಗೆ ಸರಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಎದುರಿನಿಂದ ಬಂದರೆ ಕಾಣುತ್ತದೆ, ಒಂದು ಹೆಜ್ಜೆ ಮಣ್ಣಿಗೆ ಇಳಿದರೆ ಸಾಕು.

ಇದೇ ನಿಯಮವನ್ನು ಸೈಕಲ್‌ಗೂ ಹಾಕಿಕೊಳ್ಳುವವರು ಇದ್ದಾರೆ. ದಯವಿಟ್ಟು ಬೇಡ. ಗಂಟೆಗೆ 20 ಕಿಲೋಮೀಟರ್‌ನಲ್ಲಿ ಹೋಗುವ ಸೈಕಲ್‌ಗೆ 80ರ ವೇಗದ ಕಾರು ಹಿಂದಿನಿಂದ ಬಂದರೆ ಇಬ್ಬರ ನಡುವಿನ ವೇಗದ ಅಂತರ 60. ಎದುರಿನಿಂದ ಬಂದರೆ ಅದು 100. ನೋಡಲು, ಯೋಚಿಸಲು ಸಿಗುವ ಸಮಯ ಅಷ್ಟೇ ಕಡಿಮೆಯಾಗುತ್ತದೆ. ಸೈಕಲ್ ಸವಾರರು ನಡೆಯುವವರ ಹಾಗೆ ಒಂದೇ ಹೆಜ್ಜೆಗೆ ಪಕ್ಕಕ್ಕೆ ಹಾರಲೂ ಆಗುವುದಿಲ್ಲ. ಅಡ್ಡರಸ್ತೆಯಿಂದ ಬರುವ ಚಾಲಕರೂ ತಪ್ಪು ದಿಕ್ಕಿನಿಂದ ಯಾರಾದರೂ ಬರುತ್ತಾರೆ ಎಂದು ನೋಡುವುದಿಲ್ಲ. ಪಂಕ್ಚರ್ ಆಗಿ ಸೈಕಲ್ ತಳ್ಳಿಕೊಂಡು ಹೋಗುವಾಗಲೂ ವಾಹನಗಳ ದಿಕ್ಕಿನ ಬದಿಯಲ್ಲೇ ಇರಿ.

ನಡೆಯುವವರಿಗೆ ಒಂದು ಎಚ್ಚರಿಕೆ: ನೀವಿರುವ ಅಂಚು ಕಡಿದಾದ ತಿರುವಿನ ಒಳಬದಿಗೆ ಬಂದರೆ ಎದುರಿನವರಿಗೆ ನೀವು ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ. ತಿರುವಿಗಿಂತ ಬಹಳ ಮೊದಲೇ, ನೇರ ಜಾಗದಲ್ಲಿ ರಸ್ತೆ ದಾಟಿ ಹೊರಬದಿಗೆ ಹೋಗಿ. ತಿರುವು ಮುಗಿದ ಮೇಲೆ ಮತ್ತೆ ಈಚೆ ಬನ್ನಿ. ಜೊತೆಯಲ್ಲಿ ಜನ ಇದ್ದರೆ ಮಾತಾಡಿಕೊಂಡು ಅಕ್ಕಪಕ್ಕ ಹೋಗಬೇಡಿ, ಒಬ್ಬರ ಹಿಂದೆ ಒಬ್ಬರು ಹೋಗಿ.

4. ದಾಟುವ ಮೊದಲು ಲೆಕ್ಕ ಹಾಕಿ

ವೇಗದ ರಸ್ತೆಯಲ್ಲಿ ಅತಿ ಕಷ್ಟದ ಕೆಲಸ ಇದು. ನಮ್ಮ ಕಣ್ಣು ಇದಕ್ಕೆ ತಯಾರಾಗಿಲ್ಲ. ನಮ್ಮ ಕಡೆಗೇ ನೇರವಾಗಿ ಬರುವ ವಾಹನದ ವೇಗವನ್ನು ಅದರ ಗಾತ್ರ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದ ನಾವು ಊಹಿಸುತ್ತೇವೆ. ದೂರ ಇದ್ದಾಗ ಗಾತ್ರ ಬದಲಾಗುವುದೇ ಗೊತ್ತಾಗುವುದಿಲ್ಲ. ಹತ್ತಿರ ಬಂದಾಗ ಒಮ್ಮೆಲೇ ಉಬ್ಬಿ ನಿಂತ ಹಾಗೆ ಕಾಣುತ್ತದೆ. ಅಷ್ಟರಲ್ಲಿ ನೀವು ನಡುರಸ್ತೆಯಲ್ಲಿರುತ್ತೀರಿ. ಮಕ್ಕಳಿಗೆ ಈ ಊಹೆ ಇನ್ನೂ ಕಷ್ಟ. ‘ಅವನಿಗೆ ರಸ್ತೆ ದಾಟಲು ಬರುತ್ತದೆ’ ಎಂದು ಚಿಕ್ಕ ಮಗುವನ್ನು ಇಂಥ ರಸ್ತೆಗೆ ಒಂಟಿಯಾಗಿ ಕಳಿಸುವುದು ಸರಿಯಲ್ಲ. ಅದು ಬುದ್ಧಿಯ ಪ್ರಶ್ನೆ ಅಲ್ಲವೇ ಅಲ್ಲ, ಕಣ್ಣು ಮತ್ತು ಮೆದುಳು ಬೆಳೆಯಬೇಕಾದ ಪ್ರಶ್ನೆ.

ಹಾಗಾಗಿ ವೇಗವನ್ನು ಊಹಿಸಲು ಹೋಗಬೇಡಿ. ದೂರವನ್ನು ನೋಡಿ. ಎರಡು ಲೇನಿನ ರಸ್ತೆಯ ಅಗಲ ಸುಮಾರು 7 ಮೀಟರ್. ಸಾಮಾನ್ಯ ನಡಿಗೆಯಲ್ಲಿ ದಾಟಲು ಆರು ಸೆಕೆಂಡು ಬೇಕು. ಆರು ಸೆಕೆಂಡಿನಲ್ಲಿ 100ರ ವೇಗದ ವಾಹನ 165 ಮೀಟರ್‌ಗಿಂತ ಜಾಸ್ತಿ ಬಂದುಬಿಡುತ್ತದೆ. ವಯಸ್ಸಾದವರು, ಮಂಡಿನೋವಿನವರು, ಮಗುವನ್ನು ಎತ್ತಿಕೊಂಡವರು ಅದೇ ರಸ್ತೆ ದಾಟಲು ಒಂಬತ್ತು ಸೆಕೆಂಡು ತೆಗೆದುಕೊಂಡರೆ ಬೇಕಾಗುವುದು 250 ಮೀಟರ್. ಈಗ ನೀವು ನಿಂತ ಜಾಗದಿಂದ ನೋಡಿ. ಎರಡೂ ಕಡೆಗೆ ಅಷ್ಟು ದೂರ ರಸ್ತೆ ಖಾಲಿ ಕಾಣುತ್ತಿದೆಯಾ? ತಿರುವೋ ದಿಬ್ಬವೋ ಮರವೋ ನಿಂತ ಲಾರಿಯೋ ಅಡ್ಡ ಬಂದು ಅಷ್ಟು ಕಾಣುವುದಿಲ್ಲ ಅಂದರೆ ಅದು ದಾಟುವ ಜಾಗ ಅಲ್ಲ. ಕಾಣುವ ಜಾಗದವರೆಗೆ ನಡೆಯಿರಿ.

ಎರಡಕ್ಕಿಂತ ಹೆಚ್ಚು ಲೇನ್ ಇರುವಲ್ಲಿ ಮತ್ತೊಂದು ಬಲೆ ಇದೆ. ಒಬ್ಬ ಚಾಲಕ ಕರುಣೆಯಿಂದ ನಿಲ್ಲಿಸಿ ‘ಹೋಗಿ’ ಎಂದು ಕೈ ತೋರಿಸುತ್ತಾನೆ. ಅವನ ವಾಹನದ ಮರೆಯಲ್ಲಿ ಪಕ್ಕದ ಲೇನಿನವನಿಗೆ ನೀವು ಕಾಣುವುದಿಲ್ಲ, ಅವನು ನಿಲ್ಲಿಸುವುದೂ ಇಲ್ಲ. ಆದ್ದರಿಂದ ನಿಂತ ವಾಹನದ ಮುಂದೆ ಹೋಗಿ, ಅದರ ಅಂಚಿನಲ್ಲಿ ಮತ್ತೆ ನಿಂತು, ಇಣುಕಿ ನೋಡಿ, ಆಮೇಲೆ ಹೆಜ್ಜೆ ಇಡಿ. ಕೈ ಸನ್ನೆ ಮಾಡಿದವರ ಮುಲಾಜಿಗೆ ಓಡಬೇಡಿ. ಅಗಲವಾದ ಡಿವೈಡರ್ ಇದ್ದರೆ ಅದನ್ನು ಎರಡು ಬೇರೆ ಬೇರೆ ರಸ್ತೆ ಎಂದೇ ತಿಳಿದು ದಾಟಿ. ಬಸ್ಸಿನಿಂದ ಇಳಿದ ತಕ್ಷಣ ಅದರ ಮುಂದಿನಿಂದ ದಾಟುವುದು ಬೇಡ. ಬಸ್ ಹೋಗುವವರೆಗೆ ಕಾಯಿರಿ.

ದಾಟುವಾಗ ಫೋನ್ ಜೇಬಿನಲ್ಲಿರಲಿ, ಇಯರ್‌ಫೋನ್ ಕಿವಿಯಿಂದ ಹೊರಗಿರಲಿ.

5. ಕತ್ತಲಲ್ಲಿ ಕಾಣುವಂತೆ ಇರಿ

ಎದುರಿನವರ ಕಣ್ಣಿಗೆ ಹೊಡೆಯದಿರಲಿ ಎಂದು ತಗ್ಗಿಸಿದ ಹೆಡ್‌ಲೈಟ್ ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟವರು ಚಾಲಕನಿಗೆ ಕಾಣುವುದು ಸುಮಾರು 30 ಮೀಟರ್ ದೂರದಿಂದ. 80ರ ವೇಗದಲ್ಲಿ ಅದು ಒಂದೂವರೆ ಸೆಕೆಂಡಿಗೂ ಕಡಿಮೆ ಹಾದಿ. ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಮುಗಿದುಹೋಗಿರುತ್ತದೆ. ಅದೇ ಒಂದು ಚಿಕ್ಕ ರಿಫ್ಲೆಕ್ಟರ್ ಇದ್ದರೆ ನೂರು ಮೀಟರ್‌ಗಿಂತ ಆಚೆಯಿಂದಲೇ ಹೊಳೆಯುತ್ತದೆ. ನಾಲ್ಕು ಸೆಕೆಂಡಿಗೂ ಹೆಚ್ಚು ಸಮಯ ಸಿಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸೆಕೆಂಡು ಕೊಡುವ ವಸ್ತು ಇನ್ನೊಂದಿಲ್ಲ. ಎಸ್ಟೋನಿಯಾ ದೇಶದಲ್ಲಿ ಕತ್ತಲಲ್ಲಿ ನಡೆಯುವವರು ಅದನ್ನು ಧರಿಸಬೇಕೆಂದು ಕಾನೂನೇ ಹೇಳುತ್ತದೆ.

ಎಲ್ಲಿ ಧರಿಸಬೇಕು ಎಂಬುದೂ ಮುಖ್ಯ. ಎಲ್ಲರೂ ಎದೆ, ಬೆನ್ನಿಗೆ ಹಾಕಿಕೊಳ್ಳುತ್ತಾರೆ. ಅದು ಒಳ್ಳೆಯದೇ. ಆದರೆ ಕಣಕಾಲು, ಮಂಡಿ, ಮಣಿಕಟ್ಟಿಗೆ ಕಟ್ಟಿಕೊಂಡ ಪಟ್ಟಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ತಗ್ಗಿಸಿದ ಬೆಳಕು ಮೊದಲು ಬೀಳುವುದು ಕಾಲಿನ ಮೇಲೆ. ಜೊತೆಗೆ, ಹೆಜ್ಜೆಯ ತಾಳಕ್ಕೆ ಆಡುವ ಹೊಳಪನ್ನು ನೋಡಿದ ಕೂಡಲೇ ‘ಇದು ಮನುಷ್ಯ’ ಎಂದು ಮೆದುಳು ಗುರುತಿಸುತ್ತದೆ. ಅಲುಗಾಡದ ಹೊಳಪು ಕಂಬವೂ ಆಗಿರಬಹುದು, ಅಲ್ವಾ?

ಢಾಳಾದ ಹಳದಿ, ಕಿತ್ತಳೆ ಬಣ್ಣದ ಜಾಕೆಟ್ ಹಗಲಿಗೆ ಮಾತ್ರ. ಬಿಸಿಲಿನಲ್ಲಿರುವ ನೇರಳಾತೀತ ಕಿರಣದಿಂದ ಅದಕ್ಕೆ ಆ ಹೊಳಪು ಬರುತ್ತದೆ. ರಾತ್ರಿ ಅದು ಸುಮ್ನೆ ಒಂದು ತೆಳುಬಣ್ಣದ ಬಟ್ಟೆ. ಕೈಯಲ್ಲಿ ಟಾರ್ಚ್ ಇದ್ದರೆ ಚಾಲಕರ ಕಣ್ಣಿಗೆ ಬಿಡಬೇಡಿ, ನಿಮ್ಮ ಕಾಲ ಬಳಿ ನೆಲಕ್ಕೆ ಬಿಡಿ.

6. ಸೈಕಲ್ ಸವಾರರಿಗೆ

ದೀಪ ಹಗಲಿನಲ್ಲೂ ಉರಿಯಲಿ. ಡೆನ್ಮಾರ್ಕ್‌ನ ಒಡೆನ್ಸೆ ನಗರದಲ್ಲಿ 2004-05ರಲ್ಲಿ ಸುಮಾರು ನಾಲ್ಕು ಸಾವಿರ ಸವಾರರ ಮೇಲೆ ಒಂದು ಪ್ರಯೋಗ ನಡೆಯಿತು. ಸದಾ ಉರಿಯುವ ದೀಪ ಇದ್ದವರಿಗೆ ಗಾಯದ ಅಪಘಾತಗಳು ಶೇ 19ರಷ್ಟು ಕಡಿಮೆಯಾಗಿದ್ದವು. ಹ್ಯಾಂಡಲ್‌ಗೆ ಒಂದು ಕನ್ನಡಿ ಹಾಕಿಸಿಕೊಳ್ಳಿ. ಹಿಂದೆ ತಿರುಗಿ ನೋಡುವಾಗ ಸೈಕಲ್ ಸ್ವಲ್ಪ ವಾಲುತ್ತದೆ. ವೇಗದ ರಸ್ತೆಯಲ್ಲಿ ಆ ಸ್ವಲ್ಪವೂ ದೊಡ್ಡದು.

ಡಾಂಬರಿನ ಕಟ್ಟಕಡೆಯ ಅಂಚಿಗೆ ಅಂಟಿಕೊಂಡು ತುಳಿಯಬೇಡಿ. ಮರಳು, ಗಾಜು, ಮುರಿದ ಅಂಚು ಎಲ್ಲ ಇರುವುದು ಅಲ್ಲೇ. ಅದನ್ನು ತಪ್ಪಿಸಲು ಥಟ್ಟನೆ ಒಳಕ್ಕೆ ಬಂದರೆ ಹಿಂದಿನವರಿಗೆ ಸಮಯ ಇರುವುದಿಲ್ಲ. ಅರ್ಧ ಮೀಟರಿನಷ್ಟಾದರೂ ಒಳಗಿದ್ದು ನೇರ ಗೆರೆಯಲ್ಲಿ ಹೋಗಿ. ಗೆರೆಯ ಹೊರಗೆ ಅಗಲವಾದ, ಗಟ್ಟಿಯಾದ ಜಾಗ ಇದ್ದರೆ ಅದನ್ನೇ ಬಳಸಿ. ನಿದ್ದೆ ಹತ್ತಿದ ಚಾಲಕರನ್ನು ಎಬ್ಬಿಸಲು ಅಂಚಿನಲ್ಲಿ ಕೊರೆದ ಗೀರುಪಟ್ಟಿಗಳ ಮೇಲೆ ಮಾತ್ರ ಹೋಗಬೇಡಿ. ಹ್ಯಾಂಡಲ್ ಕೈತಪ್ಪುವಷ್ಟು ಅದುರುತ್ತದೆ.

ದೊಡ್ಡ ಲಾರಿ ಪಕ್ಕದಲ್ಲೇ ಹಾದುಹೋದರೆ ಗಾಳಿ ಮೊದಲು ಹೊರಕ್ಕೆ ತಳ್ಳುತ್ತದೆ. ಲಾರಿ ಮುಂದೆ ಹೋದ ಕೂಡಲೇ ಒಳಕ್ಕೆ ಎಳೆಯುತ್ತದೆ. ಬೀಳುವವರು ಹೆಚ್ಚಾಗಿ ಎರಡನೆಯದಕ್ಕೆ ತಯಾರಾಗಿರುವುದಿಲ್ಲ. ಸದ್ದು ಹತ್ತಿರವಾದಾಗ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಮೊಣಕೈ ಸಡಿಲ ಬಿಟ್ಟು, ಪೂರ್ತಿ ಹಾದುಹೋಗುವವರೆಗೆ ಹಾಗೆಯೇ ಇರಿ. ಜಂಕ್ಷನ್‌ನಲ್ಲಿ ಲಾರಿಯ ಮಗ್ಗುಲಿಗೆ ಹೋಗಿ ನಿಲ್ಲಲೇಬೇಡಿ. ಅದು ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರದ ದಾರಿ ಬಿಟ್ಟು ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ, ಆ ಜಾಗ ಚಾಲಕನಿಗೆ ಕಾಣುವುದೂ ಇಲ್ಲ. ಹಿಂದೆಯೇ ಉಳಿಯಿರಿ.

ಹೆಲ್ಮೆಟ್ ಹಾಕಿ. ಆದರೆ ಅದರ ಮಿತಿ ತಿಳಿದಿರಲಿ. ಯುರೋಪಿನ ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಹೊಡೆತಕ್ಕೆ. ಬಿದ್ದಾಗ ತಲೆ ಉಳಿಸುತ್ತದೆ. 80ರಲ್ಲಿ ಬರುವ ವಾಹನದ ಎದುರು ಅದರ ಮೇಲೆ ಭರವಸೆ ಇಡುವಂತಿಲ್ಲ.

7. ವಾಹನ ಓಡಿಸುವವರು ನೀವಾಗಿದ್ದರೆ

ಸೈಕಲ್ ದಾಟಿ ಹೋಗುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಿ. ಜರ್ಮನಿಯಲ್ಲಿ ಊರ ಹೊರಗೆ ಎರಡು ಮೀಟರ್ ಬಿಡಬೇಕೆಂಬ ನಿಯಮ ಇದೆ. ಅಷ್ಟು ಜಾಗ ಇಲ್ಲವಾದರೆ ಕಾಯಿರಿ. ಹತ್ತಿರ ಬಂದು ಹಾರ್ನ್ ಹೊಡೆಯಬೇಡಿ, ಬೆಚ್ಚಿದ ಸವಾರ ವಾಲುವುದು ನಿಮ್ಮ ಕಡೆಗೇ ಇರಬಹುದು. ನಿಮ್ಮ ಗಾಡಿ ಕೆಟ್ಟು ನಿಂತರೆ ಅದರೊಳಗೂ ಕೂರಬೇಡಿ, ಪಕ್ಕದಲ್ಲೂ ನಿಲ್ಲಬೇಡಿ. ತಡೆಬೇಲಿಯ ಆಚೆಗೆ ಹೋಗಿ, ಗಾಡಿಗಿಂತ ಹಿಂದೆ, ವಾಹನಗಳು ಬರುವ ದಿಕ್ಕಿಗೆ ದೂರ ನಿಲ್ಲಿ. ಡಿಕ್ಕಿಯಾದರೆ ಗಾಡಿ ಮುಂದಕ್ಕೆ ಜಾರುತ್ತದೆ.

8. ರಸ್ತೆಯನ್ನೇ ಬದಲಿಸಲು ಕೇಳಿ

ಮೇಲಿನದೆಲ್ಲ ಮಾಡಿಯೂ ಜನ ಸಾಯುತ್ತಾರೆ. ಯಾಕೆಂದರೆ ತಪ್ಪು ಮಾಡದ ಮನುಷ್ಯರಿಲ್ಲ, ಮತ್ತು ಈ ರಸ್ತೆಗಳು ಒಂದೇ ಒಂದು ತಪ್ಪನ್ನೂ ಕ್ಷಮಿಸುವುದಿಲ್ಲ. ಸ್ವೀಡನ್ ಸಂಸತ್ತು 1997ರಲ್ಲಿ ‘ಶೂನ್ಯ ಸಾವು’ ಗುರಿಯನ್ನು ಒಪ್ಪಿಕೊಂಡಾಗ ಹಿಡಿದ ದಾರಿ ಇದು: ಮನುಷ್ಯ ತಪ್ಪು ಮಾಡುತ್ತಾನೆ, ಅದಕ್ಕೆ ಪ್ರಾಣ ತೆರಬೇಕಾಗದ ಹಾಗೆ ರಸ್ತೆಯನ್ನು ಕಟ್ಟಬೇಕು. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಲ್ಲಿ ಮಕ್ಕಳ ಸಾವಿನಿಂದ ನೊಂದ ಜನ ಬೀದಿಗಿಳಿದರು. ಸೈಕಲ್‌ಗೆ ಬೇರೆ ಹಾದಿಗಳು ಸಾಲಾಗಿ ಬಂದದ್ದು ಅದರ ನಂತರ. ಅಲ್ಲಿ ಈಗಿನ ಲೆಕ್ಕ ಸ್ಪಷ್ಟ. ವಾಹನದ ವೇಗ 30ರ ಆಸುಪಾಸು ಇದ್ದರೆ ಎಲ್ಲರೂ ಒಟ್ಟಿಗೆ ಸಾಗಬಹುದು. ವೇಗ ಜಾಸ್ತಿ ಇರುವಲ್ಲಿ ಸೈಕಲ್ ಹಾದಿ ಬೇರೆಯಾಗಬೇಕು.

ನಿಮ್ಮ ದಾರಿಯ ಬಗ್ಗೆ ರಸ್ತೆ ಇಲಾಖೆಗೆ ಬರೆಯುವಾಗ ‘ಇಲ್ಲಿ ಅಪಾಯ ಇದೆ’ ಎಂದಷ್ಟೇ ಬರೆದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹಾಕಿ. ಒಂದು ಗಂಟೆ ನಿಂತು ಎಷ್ಟು ಜನ ದಾಟಿದರು, ಅವರಲ್ಲಿ ಎಷ್ಟು ಮಕ್ಕಳು ಎಂದು ಎಣಿಸಿ. ದಾಟುವ ಜಾಗದಿಂದ ಎರಡೂ ಕಡೆ ಎಷ್ಟು ಮೀಟರ್ ರಸ್ತೆ ಕಾಣುತ್ತದೆ ಎಂದು ಅಳೆದು ಬರೆಯಿರಿ. ಹಗಲಿನ ಫೋಟೊ ಒಂದು, ರಾತ್ರಿಯ ಫೋಟೊ ಒಂದು ಸೇರಿಸಿ. ಕೇಳುವುದನ್ನೂ ಬಿಡಿಸಿ ಕೇಳಿ: ಅಂಚಿನಲ್ಲಿ ಬೇರೆ ಹಾದಿ, ನಡುವೆ ನಿಲ್ಲಲು ಜಾಗ, ದೀಪ, ವೇಗ ಇಳಿಸುವ ಕಟ್ಟೆ. ಬರೀ ಒಂದು ಎಚ್ಚರಿಕೆ ಫಲಕ ನೆಟ್ಟು ಕೆಲಸ ಮುಗಿಯಿತು ಅಂದರೆ ಒಪ್ಪಬೇಡಿ. ಅದೇ ಎಣಿಕೆಯನ್ನು ಮತ್ತೆ ಮಾಡಿ, ಮತ್ತೆ ಕಳಿಸಿ, ಈ ಸಲ ಶಾಲೆಯವರ ಮತ್ತು ಅಕ್ಕಪಕ್ಕದವರ ಸಹಿ ಹಾಕಿಸಿ.