ಶಾಲೆ ಜಾಗದ ಲೆಕ್ಕ ಕೇಳೋಕೆ ಗ್ರೀನ್ ಕಾರ್ಡ್ ಬೇಕಿಲ್ಲ

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರು ಮನೆ ಹುಡುಕುವಾಗ ಮೊದಲು ನೋಡುವುದು ಶಾಲೆಯ ರೇಟಿಂಗ್. ಆಮೇಲೆ ಬಾಡಿಗೆ. ಆ ಶಾಲೆಯ ನೆಲವನ್ನು ಕೊಳ್ಳುವವರು ಯಾರು, ಮಾರುವವರು ಯಾರು ಅಂತ ಯಾರೂ ಕೇಳುವುದಿಲ್ಲ. ನಾನೂ ಬಂದು ಹನ್ನೆರಡು ವರ್ಷ ಕೇಳಿರಲಿಲ್ಲ. ಮನೆ ಪಕ್ಕದ ಶಾಲೆಯ ಮೈದಾನಕ್ಕೆ ಬೇಲಿ ಬಿದ್ದ ದಿನ ಎಚ್ಚರವಾಯಿತು.

ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ನಮ್ಮೂರಿನ ಬಿಇಒ ಆಫೀಸಿನ ಹಾಗಲ್ಲ. ಅದೇ ಒಂದು ಪುಟ್ಟ ಸರ್ಕಾರ. ಚುನಾವಣೆಯಲ್ಲಿ ಗೆದ್ದ ಬೋರ್ಡ್ ಇದೆ, ಸ್ವಂತ ಜಮೀನಿದೆ, ಜನ ಓಟು ಹಾಕಿ ಒಪ್ಪಿದರೆ ಬಾಂಡ್ ಮೂಲಕ ಸಾಲ ಎತ್ತುವ ಅಧಿಕಾರವೂ ಇದೆ. ಮೇಯರ್‌ಗೆ ದೂರು ಬರೆದರೆ ಸುಮ್ನೆ ಟೈಮ್ ವೇಸ್ಟ್. ಆ ಸಾಲ ತೀರುವುದು ಆಸ್ತಿ ತೆರಿಗೆಯಿಂದ. ಸ್ವಂತ ಮನೆಯಿದ್ದರೆ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಳಿಸುವ ತೆರಿಗೆ ಬಿಲ್ ತೆಗೆದು ನೋಡಿ, ಶಾಲಾ ಬಾಂಡ್‌ಗಳಿಗೆ ಬೇರೆ ಸಾಲುಗಳೇ ಇರುತ್ತವೆ. ಬಾಡಿಗೆಯವರೂ ಅದನ್ನು ಬಾಡಿಗೆಯೊಳಗೇ ಕಟ್ಟುತ್ತಿದ್ದಾರೆ ಅನ್ನಿ.

ಶಾಲೆಗೆ ಜಾಗದ ವ್ಯಾಪಾರ ಯಾಕೆ ಬೇಕು? ಮಕ್ಕಳ ಸಂಖ್ಯೆ ಏರುತ್ತೆ, ಇಳಿಯುತ್ತೆ, ಅದಕ್ಕೆ. ಸನ್ನಿವೇಲ್ ಹೈಸ್ಕೂಲ್ 1981ರಲ್ಲಿ ಮುಚ್ಚಿತು. ಆಮೇಲೆ ನಮ್ಮಂಥ ಸಾಫ್ಟ್‌ವೇರ್ ಜನ ಬಂದು ತುಂಬಿಕೊಂಡರು. ಈಗ ಮತ್ತೆ ಇಳಿತ. ಕುಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟ್ 2022ರಲ್ಲಿ ಎರಡು ಪ್ರಾಥಮಿಕ ಶಾಲೆ ಮುಚ್ಚಿತು. ಖಾಲಿಯಾದ ಜಾಗವನ್ನು ಮಾರುವುದೋ, ಬಾಡಿಗೆಗೆ ಕೊಡುವುದೋ, ಹಾಗೇ ಇಟ್ಟುಕೊಳ್ಳುವುದೋ? ಕೈಬಿಟ್ಟ ಜಾಗವನ್ನು ಈ ಸಿಲಿಕಾನ್ ಕಣಿವೆಯಲ್ಲಿ ಮತ್ತೆ ಕೊಳ್ಳಲು ಹೋದರೆ ಏನು ಬೆಲೆ ಅನ್ನುವುದಕ್ಕೆ ಲಾಸ್ ಆಲ್ಟೋಸ್ ನೋಡಿ. 2014ರಲ್ಲಿ ಅಲ್ಲಿನ ಮತದಾರರು 15 ಕೋಟಿ ಡಾಲರ್ ಬಾಂಡ್ ಒಪ್ಪಿದರು. ಮುಂದೆ ಡಿಸ್ಟ್ರಿಕ್ಟ್ ಮೌಂಟನ್ ವ್ಯೂನ ಒಂದು ಶಾಪಿಂಗ್ ಸೆಂಟರಿನಲ್ಲಿ 12 ಎಕರೆಗೂ ಸ್ವಲ್ಪ ಕಡಿಮೆ ಜಾಗ ಕೊಂಡಿತು. ಬೆಲೆ ಸುಮಾರು 15.5 ಕೋಟಿ ಡಾಲರ್. ದೊಡ್ಡದೊಂದು ಪಾಲನ್ನು ಟಿಡಿಆರ್, ಅಂದರೆ ಆ ಜಾಗದ ಕಟ್ಟಡ ಕಟ್ಟುವ ಹಕ್ಕನ್ನು ಬೇರೆ ಕಡೆ ಬಳಸಲು ಮಾರಿ ಹೊಂದಿಸಿಕೊಂಡಿತು. ಹೌದು, ಬೆಂಗಳೂರಿನಲ್ಲಿ ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಕೊಡುತ್ತಾರಲ್ಲ, ಅದೇ ಟಿಡಿಆರ್!

ಪ್ರಶ್ನೆ ಕೇಳುವ ಹೊತ್ತು ಮುಖ್ಯ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಆಕ್ಟ್ ಅಂತ ಒಂದು ಕಾನೂನಿದೆ. ಬೋರ್ಡಿನ ಮಾಮೂಲಿ ಸಭೆಗೆ 72 ಗಂಟೆ ಮೊದಲು ಅಜೆಂಡಾ ಹೊರಗೆ ಹಾಕಲೇಬೇಕು. ಅದರಲ್ಲಿ ಎಲ್ಲರೂ ಹಾರಿಸಿಬಿಡುವ ಭಾಗವನ್ನೇ ನೀವು ಓದಿ, ಅಂದರೆ ಕ್ಲೋಸ್ಡ್ ಸೆಷನ್, ಜನರನ್ನು ಹೊರಗಿಟ್ಟು ಬೋರ್ಡ್ ನಡೆಸುವ ಸಭೆ. 'ರಿಯಲ್ ಪ್ರಾಪರ್ಟಿ ನೆಗೋಷಿಯೇಟರ್ಸ್' ಅನ್ನುವ ಸಾಲು ಕಂಡರೆ ಅಲ್ಲೊಂದು ಜಾಗ ಕೈ ಬದಲಾಯಿಸುವ ಮಾತು ನಡೆದಿದೆ ಅಂತ ಅರ್ಥ. ಯಾವ ಜಾಗ, ಬೋರ್ಡಿನ ಪರ ಮಾತಾಡುವವರು ಯಾರು, ಎದುರಿನ ಪಾರ್ಟಿ ಯಾರು, ಎಲ್ಲ ಅಲ್ಲೇ ಹೇಳಬೇಕು. ವಿಳಾಸದ ಬದಲು ಪಾರ್ಸೆಲ್ ನಂಬರ್ ಇದ್ದರೆ ಹೆದರಬೇಡಿ. ನಮ್ಮ ಸರ್ವೆ ನಂಬರ್ ಇದ್ದ ಹಾಗೆ ಅದು. ಕೌಂಟಿ ಅಸೆಸರ್ ಆಫೀಸಿನ ನಕ್ಷೆಯಲ್ಲಿ ಸಿಗುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಜಾಗದ ವಿಷಯದಲ್ಲಿ ಬಾಗಿಲು ಹಾಕಿಕೊಂಡು ಅವರು ಮಾತಾಡಬಹುದಾದ್ದು ಬೆಲೆ ಮತ್ತು ದುಡ್ಡು ಕೊಡುವ ಷರತ್ತು, ಅಷ್ಟೇ. ಶಾಲೆಗೆ ಈ ಜಾಗ ಬೇಕಾ, ಹತ್ತು ವರ್ಷಕ್ಕೆ ಎಷ್ಟು ಮಕ್ಕಳು ಇರುತ್ತಾರೆ, ಮಾರುವುದರ ಬದಲು ಬಾಡಿಗೆಗೆ ಯಾಕಾಗಬಾರದು, ಈ ಮಾತೆಲ್ಲ ಬಾಗಿಲು ತೆರೆದೇ ಆಗಬೇಕು. ಹಾಗಾಗಿ ಇದನ್ನೇ ಕೇಳಿ, ಅವರು ಒಳಗೆ ಹೋಗುವ ಮುಂಚೆಯೇ ಕೇಳಿ.

ನನ್ನ ಮೊದಲ ಸಲದ ಪಾಡು ಹೇಳುತ್ತೇನೆ. ವಾಟ್ಸಾಪಿನಲ್ಲಿ ಯಾರೋ ಹಾಕಿದ್ದನ್ನು ನಂಬಿ ಮೈಕ್ ಮುಂದೆ ನಿಂತು 'ಮೈದಾನವನ್ನು ಬಿಲ್ಡರ್‌ಗೆ ಮಾರಿದ್ದೀರಿ' ಅಂದೆ. ಮಾರಿರಲೇ ಇಲ್ಲ. ಬೇಲಿ ಹಾಕಿದ್ದು ನೀರಿನ ಪೈಪ್ ರಿಪೇರಿಗೆ. 'ಆ ದುಡ್ಡಲ್ಲಿ ಟೀಚರ್‌ಗಳಿಗೆ ಸಂಬಳ ಜಾಸ್ತಿ ಮಾಡಿ' ಅಂತಲೂ ಸೇರಿಸಿದ್ದೆ. ಮಾರಾಟದ ಹಣವನ್ನು ಸಾಮಾನ್ಯವಾಗಿ ಕಟ್ಟಡ, ದೊಡ್ಡ ರಿಪೇರಿಗಳಿಗೇ ಬಳಸಬೇಕು, ಸಂಬಳಕ್ಕಲ್ಲ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಕುರ್ಚಿಯ ಅಜ್ಜಿ ನನ್ನ ತೊಡೆ ತಟ್ಟಿ ನಕ್ಕರು.

ಅವತ್ತಿಂದ ಕಾಗದ ಇಲ್ಲದೆ ಬಾಯಿ ಬಿಡುವುದಿಲ್ಲ. ನಮ್ಮ ಮಾಹಿತಿ ಹಕ್ಕಿನ ಥರ ಇಲ್ಲಿ ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಇದೆ. ಈಮೇಲ್ ಸಾಕು, ಅರ್ಜಿ ನಮೂನೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಏನೂ ಬೇಡ. ಕೊಡುತ್ತಾರೋ ಇಲ್ಲವೋ ಅಂತ 10 ದಿನದಲ್ಲಿ ಹೇಳಬೇಕು. ಕಾರಣ ಕೊಟ್ಟು ಇನ್ನೂ 14 ದಿನ ಕೇಳಬಹುದು. 'ಜಾಗದ ವಿಷಯದ ಎಲ್ಲ ದಾಖಲೆ ಕೊಡಿ' ಅಂದರೆ ತಿಂಗಳುಗಟ್ಟಲೆ ಎಳೆದಾಡುತ್ತಾರೆ. ಇಂಥ ಪಾರ್ಸೆಲ್ಲಿನ ಒಪ್ಪಂದ, ಮಕ್ಕಳ ಸಂಖ್ಯೆಯ ಅಂದಾಜು ವರದಿ, ಹಣ ಬಂದ ಫಂಡಿನ ಹೆಸರು ಅಂತ ಬಿಡಿಸಿ ಬರೆಯಿರಿ. ಬೆಲೆ ಕಟ್ಟಿದ ಅಪ್ರೈಸಲ್ ವರದಿಯನ್ನು ಕೊಳ್ಳುವ ವ್ಯವಹಾರ ಮುಗಿಯುವವರೆಗೆ ತಡೆಹಿಡಿಯಬಹುದು. ಮುಗಿದ ಮೇಲೆ ಆ ನೆಪ ನಡೆಯುವುದಿಲ್ಲ. ಆಗ ಮತ್ತೆ ಕೇಳಿ.

ಮಾರುವ ವಿಷಯವಾದರೆ ಇನ್ನೊಂದು ಬಾಗಿಲಿದೆ. ಹೆಚ್ಚುವರಿ ಜಾಗ ಮಾರುವ ಮುಂಚೆ ಸಾಮಾನ್ಯವಾಗಿ ಊರಿನವರ ಸಲಹಾ ಸಮಿತಿ ಮಾಡಬೇಕು. ಕನಿಷ್ಠ 7, ಗರಿಷ್ಠ 11 ಜನ. ಅದಕ್ಕೇ ಎಲ್ಲರೂ ಅದನ್ನು 'ಸೆವೆನ್ ಇಲೆವೆನ್ ಕಮಿಟಿ' ಅನ್ನುತ್ತಾರೆ, ಆ ಹೆಸರಿನ ಅಂಗಡಿ ಅಂದುಕೊಳ್ಳಬೇಡಿ. ಅಪ್ಪ ಅಮ್ಮಂದಿರಿಗೂ ಅಲ್ಲಿ ಜಾಗ ಇರುತ್ತೆ. ಶೇ. 55 ಓಟು ಸಿಕ್ಕರೆ ಪಾಸಾಗುವ ಬಗೆಯ ಬಾಂಡ್ ಆಗಿದ್ದರೆ ಖರ್ಚು ನೋಡುವ ಬೇರೆ ಸಮಿತಿಯೂ ಇರುತ್ತೆ. ಅದರ ಸಭೆಗಳಿಗೆ ಜನ ಬರುವುದೇ ಅಪರೂಪ. ಇಬ್ಬರು ಹೋದರೂ ಎದ್ದು ಕಾಣುತ್ತೀರಿ.

ಎಚ್-1ಬಿ ವೀಸಾದಲ್ಲಿ ಇರುವವರು ಬೋರ್ಡ್ ಸಭೆಯಲ್ಲಿ ಮಾತಾಡಬಹುದಾ ಅಂತ ತುಂಬ ಜನ ಕೇಳುತ್ತಾರೆ. ಧಾರಾಳವಾಗಿ. ಓಟು ಹಾಕುವ ಹಾಗಿಲ್ಲ, ಅಷ್ಟೇ. ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ. ಆದರೆ ದುಭಾಷಿ ಇಟ್ಟುಕೊಂಡು ಮಾತಾಡುವವರಿಗೆ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು ಅಂತ ಕಾನೂನಿನಲ್ಲೇ ಇದೆ.

ಹೋದ ಸಲ ಅಮ್ಮ ಊರಿಂದ ಬಂದಿದ್ದಾಗ ಸಭೆಗೆ ಕರೆದುಕೊಂಡು ಹೋದೆ. ದಿನಾ ಬೆಳಿಗ್ಗೆ ಆ ಮೈದಾನ ಸುತ್ತುವವರು ಅವರೇ ಅಲ್ವಾ. ಗೋಡೆಯ ಟೈಮರಿನಲ್ಲಿ ಆರು ನಿಮಿಷ ಬಿತ್ತು. ಅಮ್ಮ ಸೆರಗು ಸರಿಮಾಡಿಕೊಂಡು, 'ಇದನ್ನ ಮಾರಿದ್ರೆ ಮುಂದೆ ಹುಟ್ಟೋ ಮಕ್ಕಳು ಎಲ್ಲಿ ಆಡ್ತಾವಪ್ಪ?' ಅಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಐದೂ ಕಾಲು ನಿಮಿಷ ಉಳಿದಿತ್ತು. ಸಾಕು ಬಾ ಅಂತ ಕೂತೇಬಿಟ್ಟರು.