ಬಿಸಾಡುತ್ತಿದ್ದ ಬೈಸೆಪ್ಸ್ ತುಂಡೇ ಭುಜಕ್ಕೆ ತೇಪೆಯಾಯಿತು

ದಾವಣಗೆರೆಯಲ್ಲಿ ಭುಜದ ಆಪರೇಷನ್ ಮಾಡುವವರಿಗೆಲ್ಲ ಎಪಿಎಂಸಿ ಯಾರ್ಡಿನ ಹಮಾಲರು ಪರಿಚಯ. ಮೆಕ್ಕೆಜೋಳದ ಸೀಸನ್ ಮುಗಿಯೋವರೆಗೂ ನೋವು ನುಂಗಿಕೊಂಡು ಚೀಲ ಹೊರುತ್ತಾರೆ. ನಮ್ಮ ಹತ್ತಿರ ಬರುವಷ್ಟರಲ್ಲಿ ಕಫ್, ಅಂದರೆ ಭುಜದ ಕೀಲನ್ನು ಸುತ್ತಿ ಹಿಡಿದಿರುವ ಟೆಂಡನ್ನುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಪಟ್ಟಿಗಳು), ಮೂರು ನಾಲ್ಕು ಸೆಂಟಿಮೀಟರ್ ಹರಿದು ಹಿಂದಕ್ಕೆ ಸರಿದಿರುತ್ತದೆ. ಹೊಲಿಯುತ್ತೇವೆ, ಆರು ವಾರ ಸ್ಲಿಂಗ್ ಹಾಕುತ್ತೇವೆ. ಆರು ತಿಂಗಳಿಗೆ ಸ್ಕ್ಯಾನ್ ಮಾಡಿದರೆ ಮೂರರಲ್ಲಿ ಒಂದು ಬಿಟ್ಟಿರುತ್ತಿತ್ತು. ಇದು ನನ್ನದೇ ಲೆಕ್ಕ. ಈ ಒಂದು ಸಂಗತಿ ನನಗೆ ನಿದ್ದೆ ಕೆಡಿಸಿತ್ತು.

ಹೊಲಿಗೆಗೆ ಬಲ ಕೊಡಲು ಮೇಲೊಂದು ತೇಪೆ ಹಾಕೋಣ ಅಂತ ಮೊದಲು ಹೊರದೇಶದ ಡರ್ಮಲ್ ಗ್ರಾಫ್ಟ್‌ಗೆ (ಸಂಸ್ಕರಿಸಿದ ಚರ್ಮದ ತೇಪೆ) ಕೊಟೇಶನ್ ತರಿಸಿದೆ. ಹತ್ತಿರ ಹತ್ತಿರ ಒಂದು ಲಕ್ಷ. ಹೊಲಿಗೆಯ ದಾರವನ್ನು ಮೂಳೆಗೆ ಹಿಡಿಸುವ ಆಂಕರ್ ಒಂದಕ್ಕೇ 15 ಸಾವಿರ, ಅಂಥವು ಮೂರು ನಾಲ್ಕು ಬೇಕು. ಹಮಾಲಿ ಮಾಡುವವರು ಎಲ್ಲಿಂದ ತರಬೇಕು? ಆ ಕೊಟೇಶನ್ ಅಲ್ಲಿಗೇ ಮುಚ್ಚಿಟ್ಟೆ.

ಆಮೇಲೆ ತೊಡೆಯ ಫೇಷಿಯಾ ಲಾಟಾ, ಅಂದರೆ ತೊಡೆಯ ಸ್ನಾಯುಗಳ ಮೇಲಿನ ಗಟ್ಟಿ ಪೊರೆ. ಜಪಾನಿನ ಸರ್ಜನ್ ಮಿಹಾತಾ ಅದರಿಂದ ಭುಜದ ಮೇಲ್ಭಾಗದ ಕ್ಯಾಪ್ಸುಲನ್ನೇ (ಕೀಲಿನ ಹೊದಿಕೆ) ಕಟ್ಟಿದ್ದರಲ್ಲ, ನಾನು ಬರೀ ತೇಪೆಯಾಗಿ ಬಳಸೋಣ ಅಂದುಕೊಂಡೆ. ನಾಲ್ಕು ಜನರಿಗೆ ಮಾಡಿದೆ. ಒಬ್ಬರಿಗೆ ತೊಡೆಯಲ್ಲಿ ನೀರು ತುಂಬಿ ಮೂರು ಸಲ ತೆಗೆಯಬೇಕಾಯಿತು. "ಸಾರ್, ಭುಜ ಹಂಗಿರ್ಲಿ, ಮೊದ್ಲು ತೊಡೆ ಸರಿ ಮಾಡಿಕೊಡ್ರಿ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಅವತ್ತೇ ನಿಲ್ಲಿಸಿದೆ.

ತೋಳಿನ ಬೈಸೆಪ್ಸ್ ಸ್ನಾಯು ಹೊಳೆದದ್ದು ಆಪರೇಷನ್ ಥಿಯೇಟರಿನಲ್ಲೇ. ಟೆನೊಡೆಸಿಸ್, ಅಂದರೆ ಬೈಸೆಪ್ಸ್ ಟೆಂಡನ್ನನ್ನು ಕತ್ತರಿಸಿ ಕೆಳಗೆ ಮೂಳೆಗೆ ಕೂರಿಸುವುದನ್ನು ಮಾಡುವಾಗ ಕೀಲಿನೊಳಗಿನ ಲಾಂಗ್ ಹೆಡ್ (ಅದರ ಉದ್ದನೆಯ ಎಳೆ) ತುಂಡನ್ನು ತೆಗೆದು ಟ್ರೇಗೆ ಹಾಕುತ್ತೇವಲ್ವಾ? ಅದು ರೋಗಿಯದೇ ಟೆಂಡನ್. ದೇಹ ತಿರಸ್ಕರಿಸುವ ಭಯವಿಲ್ಲ, ಬೇರೆ ಗಾಯವಿಲ್ಲ, ಒಂದು ರೂಪಾಯಿ ಖರ್ಚಿಲ್ಲ. ಸೀಳಿ, ಬಿಚ್ಚಿ, ಒತ್ತಿ ಚಪ್ಪಟೆ ಮಾಡಿದರೆ ಹೆಬ್ಬೆರಳಿಗಿಂತ ಸ್ವಲ್ಪ ಅಗಲದ ಪ್ಯಾಚ್ ಆಗುತ್ತದೆ. ಬೇರೆ ಕಡೆಯೂ ಕೆಲವರು ಮಾಡಿದ್ದಾರೆ, ಇಲ್ಲಿ ಯಾರೂ ಕೈ ಹಾಕಿರಲಿಲ್ಲ.

ಹಿರಿಯರೊಬ್ಬರು ಒಪ್ಪಲಿಲ್ಲ. ಹಂದಿಯ ಕರುಳಿನ ಪದರದಿಂದ ಮಾಡಿದ ಪ್ಯಾಚಿನ ಕಥೆ ನೆನಪಿಸಿದರು. 2006ರ ಆ ಪರೀಕ್ಷೆಯಲ್ಲಿ ಪ್ಯಾಚ್ ಹಾಕಿದ 15 ಭುಜಗಳಲ್ಲಿ 4 ಕೂಡಿದ್ದವು, ಹಾಕದ 15ರಲ್ಲಿ 9. "ತೇಪೆ ಹಾಕಿ ಕೆಡಿಸ್ತೀಯ" ಅಂದರು. ಅವರ ಮಾತಲ್ಲಿ ನ್ಯಾಯವಿತ್ತು. ಅದಕ್ಕೇ ಸುಮ್ನೆ ಮಾಡುತ್ತಾ ಹೋಗದೆ ಸರಿಯಾಗಿ ಪರೀಕ್ಷೆ ಮಾಡಬೇಕು ಅಂತ ಹಠ ಬಂತು.

ಅದಕ್ಕೂ ಮೊದಲು ಕಸಾಯಿ ಅಂಗಡಿಯಿಂದ ಕುರಿಯ ಭುಜ ತಂದು ಭಾನುವಾರಗಳನ್ನೆಲ್ಲ ಕಳೆದೆ. ತೂಗುವ ಕೊಕ್ಕೆ ತಕ್ಕಡಿ ಕಟ್ಟಿ ಹೊಲಿಗೆ ಎಳೆದು ನೋಡುತ್ತಿದ್ದೆ. ಜೋರಾಗಿ ಒತ್ತಿದ ಟೆಂಡನ್ನಿನ ನಾರು ಬಿಡುತ್ತಿತ್ತು, ದಾರ ಬೆಣ್ಣೆಯಲ್ಲಿ ಎಳೆದಂತೆ ಕಿತ್ತು ಬರುತ್ತಿತ್ತು. ಒತ್ತಿದ್ದು ಕಡಿಮೆಯಾದರೆ ಪ್ಯಾಚ್ ಸುರುಳಿ ಸುತ್ತಿಕೊಳ್ಳುತ್ತಿತ್ತು. ಎಷ್ಟು ಹೊತ್ತು, ಯಾವುದರಿಂದ ಒತ್ತಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೈಯಿಂದ ಕೈಗೆ ದಾಟಬೇಕಾದ್ದು. ಥಿಯೇಟರಿಗೆ ಬನ್ನಿ, ತೋರಿಸುತ್ತೇನೆ.

ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಏಳೆಂಟು ತಿಂಗಳು ಹಿಡಿಯಿತು. ರೋಗಿಗೂ ಮನೆಯವರಿಗೂ ಕನ್ನಡದಲ್ಲೇ ವಿವರಿಸಿ ಸಹಿ ಹಾಕಿಸಿಕೊಂಡೆವು. ಕಫ್ ಹೊಲಿದು ಮುಗಿಸಿದ ಮೇಲೆ ಸಿಸ್ಟರ್ ಮುಚ್ಚಿದ ಕವರ್ ಒಡೆಯುತ್ತಿದ್ದರು. ಪ್ಯಾಚ್ ಉಂಟೋ ಇಲ್ಲವೋ ಅಲ್ಲಿವರೆಗೂ ನನಗೂ ಗೊತ್ತಿರುತ್ತಿರಲಿಲ್ಲ. ಸ್ಕ್ಯಾನ್ ಓದುವವರಿಗೆ ಕೊನೆವರೆಗೂ ಹೇಳಲಿಲ್ಲ.

ಮೊದಲ ಮೂರು ಪ್ಯಾಚುಗಳು ಕ್ಯಾನುಲಾದೊಳಗೇ (ಭುಜದೊಳಕ್ಕೆ ದಾಟಿಸುವ ಸಣ್ಣ ಕೊಳವೆ) ಮಡಚಿಕೊಂಡವು. ಒಂದನ್ನು ಕೂರಿಸಲು 50 ನಿಮಿಷ ಬೇಕಾಯಿತು. ಈಗ 15ರಲ್ಲಿ ಮುಗಿಯುತ್ತದೆ. ನನ್ನಷ್ಟು ಬೇಗ ಕೂರಿಸುವವರನ್ನು ನಾನಂತೂ ನೋಡಿಲ್ಲ. ಇನ್ನೊಂದು ತಪ್ಪು, ಪ್ಯಾಚನ್ನು ಬರೀ ಟೆಂಡನ್ ಮೇಲೆ ಹೊಲಿಯುತ್ತಿದ್ದೆ. ಬಿಡುವುದು ಟೆಂಡನ್ ಮೂಳೆಗೆ ಕೂಡುವ ಜಾಗದಲ್ಲಿ ತಾನೇ? ಆಮೇಲೆ ಪ್ಯಾಚಿನ ಹೊರ ಅಂಚನ್ನು ಟ್ಯೂಬರಾಸಿಟಿಯ (ಟೆಂಡನ್ ಅಂಟುವ ಮೂಳೆಯ ಉಬ್ಬು) ಮೇಲೆ, ಕೆರೆದು ರಕ್ತ ಜಿನುಗಿಸಿದ ಮೂಳೆಗೆ ತಾಗುವಂತೆ ಎಳೆದು ಕೂರಿಸಿದೆ. ಅಲ್ಲಿಂದ ದಾರಿ ತಿರುಗಿತು.

ನಡುವೆ ಐದಾರು ಜನರ ಪ್ಯಾಚನ್ನು ಅವರದೇ ರಕ್ತದ ಪಿಆರ್‌ಪಿಯಲ್ಲಿ (ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ನೆನೆಸಿಯೂ ನೋಡಿದೆ. ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇರಲಿಲ್ಲ. ದುಡ್ಡು ದಂಡ, ಬಿಟ್ಟೆ.

ದೊಡ್ಡ ಕಷ್ಟ ಎಂಆರ್‌ಐ. "ಕೈ ಎತ್ತಾಕ ಬರ್ತೈತಲ್ರಿ ಸಾರ್, ಮತ್ಯಾಕ ಸ್ಕ್ಯಾನಿಂಗು?" ಅನ್ನುತ್ತಿದ್ದರು. "ಯಜಮಾನ್ರೇ, ನೋವಿಲ್ಲ ಅಂದ್ರೆ ಕೂಡಿದೆ ಅಂತಲ್ಲ" ಅಂತ ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಿತ್ತು. ದಿನದ ಕೂಲಿ ಬಿಟ್ಟು ಬರುವವರ ಹತ್ತಿರ ಸ್ಕ್ಯಾನ್ ದುಡ್ಡು ಕೇಳೋದು ಹೇಗೆ? ನಾನೇ ಕೊಟ್ಟೆ. ಎರಡೂವರೆ ಲಕ್ಷದ ಮೇಲೆ ಕೈಬಿಟ್ಟಿತು. ಮನೆಯವಳ ಜೊತೆ ಎರಡು ದಿನ ಮಾತು ನಿಂತಿತ್ತು.

ಒಟ್ಟು 42 ಜನ, ಮೂವರು ಮತ್ತೆ ಬರಲಿಲ್ಲ. ಪ್ಯಾಚ್ ಇಲ್ಲದ 20ರಲ್ಲಿ ಏಳು ಬಿಟ್ಟಿದ್ದವು, ಅಂದರೆ ಕಫ್ ಎಷ್ಟು ಕೂಡಿದೆ ಅಂತ ಸ್ಕ್ಯಾನಿನಲ್ಲಿ 1ರಿಂದ 5ರವರೆಗೆ ಗುರುತಿಸುವ ಸುಗಾಯ ಅಳತೆಯಲ್ಲಿ 4 ಇಲ್ಲವೇ 5. ಪ್ಯಾಚ್ ಇದ್ದ 19ರಲ್ಲಿ ಎರಡು. ಆ ಇಬ್ಬರಿಗೂ ಸಕ್ಕರೆ ಹತೋಟಿಯಲ್ಲಿ ಇರಲಿಲ್ಲ. ಸಂಖ್ಯೆ ಚಿಕ್ಕದು, ಒಪ್ಪುತ್ತೇನೆ. ಆದರೆ ಅನುಮಾನ ಪಟ್ಟಿದ್ದ ಹಿರಿಯರೇ ಸಿನಿಮಾ ನೋಡಿದ ಹಾಗೆ ಸ್ಕ್ಯಾನುಗಳನ್ನು ಒಂದೊಂದಾಗಿ ನೋಡಿ, ಹೋದ ತಿಂಗಳು ತಮ್ಮದೇ ರೋಗಿಯನ್ನು ನನ್ನ ಹತ್ತಿರ ಕಳಿಸಿದರು.

ಉಳಿದಿರುವ ಚಿಂತೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಕ್ಕಳದು. ವರ್ಷಗಟ್ಟಲೆ ಬಿಸಿ ಮರಳಿನಲ್ಲಿ ಅಕ್ಕಿ ತಿರುವಿದ ಕೈ. ಅವರಲ್ಲಿ ಕೆಲವರ ಬೈಸೆಪ್ಸ್ ಮೊದಲೇ ಹರಿದು ಹೋಗಿರುತ್ತದೆ, ತೆಗೆಯಲು ತುಂಡೇ ಸಿಗದು. ಅಂಥ ಇಬ್ಬರಿಗೆ ತೊಡೆಯಿಂದ ಸಣ್ಣ ಪಟ್ಟಿಯಷ್ಟೇ ತೆಗೆದು ಹಾಕಿದ್ದೇನೆ. ಈ ಸಲ ನೀರು ತುಂಬಿಲ್ಲ. ದೀಪಾವಳಿ ಆದ ಮೇಲೆ ಅವರ ಸ್ಕ್ಯಾನ್.